ಕತ್ತು ತಿರುಗಿಸಿ ಮಲಗಿದ ಕರು

ಅಕ್ಕಾ,

ನಿನಗೆ ಕಾಗದ ಬರೆಯುವ ಸಂದರ್ಭ ನನಗೆ ಯಾವತ್ತೂ ಬಂದಿರಲಿಲ್ಲ. ಒಂದೇ ಗೋಡೆಯ ಆಚೆ ಈಚೆ ಹತ್ತು ವರ್ಷ ಮಲಗಿದ ವಾರಗಿತ್ತಿಯರು ನಾವು. ಏನಾದರೂ ಹೇಳಬೇಕಿದ್ದರೆ ನಾನು ಗೋಡೆಗೆ ಬಳೆ ತಾಗಿಸುತ್ತಿದ್ದೆ, ನೀನು ಬೆರಳ ಗೆಣ್ಣಿನಿಂದ ಕುಟ್ಟುತ್ತಿದ್ದೆ. ನಿನ್ನ ಕೈಯಲ್ಲಿ ಬಳೆ ಇರಲಿಲ್ಲವಲ್ಲ. ನೀನು ಹೋಗಿ ಹದಿನಾಲ್ಕು ತಿಂಗಳಾಯಿತು. ನಿನ್ನ ಕೋಣೆಯಲ್ಲಿ ಈಗ ರಾಗಿ ಮೂಟೆ ಇಟ್ಟಿದ್ದಾರೆ. ಇನ್ನು ಗೋಡೆ ಕುಟ್ಟಿ ಏನು ಪ್ರಯೋಜನ? ಅದಕ್ಕೇ ಮಗನ ನೋಟ್‌ಬುಕ್ಕಿನಿಂದ ಹಾಳೆ ಹರಿದುಕೊಂಡು ಕೂತಿದ್ದೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿರುತ್ತದೆ ಎಂದು ನಿನಗೆ ಗೊತ್ತೇ ಇದೆ, ಸಹಿಸಿಕೋ.

ಬರೆಯಲೇಬೇಕಾದ್ದು ಒಂದಿದೆ. ನಿನ್ನ ಕೈಯಲ್ಲಿ ಹುಟ್ಟಿದ ಗೊಂಬೆಗಳನ್ನೆಲ್ಲ ಇಷ್ಟು ವರ್ಷ ನನ್ನವು ಎಂದು ಊರ ಮುಂದೆ ಹೇಳಿಕೊಂಡೆ. ಮೊದಲ ಸಲ ಹಾಗೆ ಹೇಳಿಸಿದವಳು ನೀನೇ, ಒಪ್ಪುತ್ತೇನೆ. ಆಮೇಲಿನ ಸಲಗಳು? ಅವನ್ನು ನಿನ್ನ ತಲೆಗೆ ಕಟ್ಟುವಷ್ಟು ನಾಚಿಕೆಗೆಟ್ಟವಳಲ್ಲ ನಾನು. ನೀನಿದ್ದಾಗ ಆ ಸುಳ್ಳನ್ನು ಇಬ್ಬರೂ ಸೇರಿ ಹೊರುತ್ತಿದ್ದೆವು, ಭಾರ ಗೊತ್ತಾಗುತ್ತಿರಲಿಲ್ಲ. ನೀನು ಹೋದ ಮೇಲೆ ಗೊತ್ತಾಯಿತು.

ನಾನು ಈ ಮನೆಗೆ ಬಂದದ್ದು ನಯಾಪೈಸೆ ಬಂದ ವರ್ಷ. ಹೊಸಿಲ ಮೇಲಿನ ಅಕ್ಕಿ ಸೇರು ಒದ್ದು ಒಳಗೆ ಕಾಲಿಟ್ಟಾಗ ಪಡಸಾಲೆ ತುಂಬ ಹೆಂಗಸರು. ನೀನು ಮಾತ್ರ ಹಿಂದಿನ ರೇಷ್ಮೆ ಹುಳದ ಮನೆಯ ಬಾಗಿಲ ಮರೆಯಲ್ಲಿದ್ದೆ. ನಾನು ಮೊದಲು ನೋಡಿದ್ದು ನಿನ್ನ ಮುಖವಲ್ಲ, ಬೆರಳು. ಬಾಗಿಲ ಸಂದಿಯಲ್ಲಿ ಎರಡು ಕೈ, ಒಂದು ಕೊಕ್ಕೆ ಕಡ್ಡಿ, ಸರಸರನೆ ಓಡುವ ಬಿಳಿ ದಾರ. ಯಾರದು ಎಂದು ಕೇಳಿದ್ದಕ್ಕೆ ಅತ್ತೆ "ದೊಡ್ಡ ಸೊಸೆ" ಎಂದಷ್ಟೇ ಹೇಳಿ ನನ್ನ ಗದ್ದ ಹಿಡಿದು ಈ ಕಡೆ ತಿರುಗಿಸಿದರು. ಭಾವ ತೀರಿಕೊಂಡು ಆಗ ಮೂರು ವರ್ಷವಾಗಿತ್ತಂತೆ. ನಿನಗಿನ್ನೂ ಇಪ್ಪತ್ತಾರು. ಮದುವಣಗಿತ್ತಿ ಬರುವ ಹೊತ್ತಿಗೆ ನೀನು ಎದುರಾಗಬಾರದು ಎಂದು ಯಾರೂ ನಿನಗೆ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಮೊದಲೇ ಸರಿದುಕೊಳ್ಳುವುದನ್ನು ನೀನು ಕಲಿತುಬಿಟ್ಟಿದ್ದೆ.

ಆ ಕಡ್ಡಿಯ ಕತೆಯನ್ನು ನೀನು ಹೇಳಿದ್ದು ಒಂದು ಮಧ್ಯಾಹ್ನ, ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಾ. ಭಾವನನ್ನು ಕ್ಷಯಕ್ಕೆ ಬೆಂಗಳೂರಿನ ಆಸ್ಪತ್ರೆಯಲ್ಲಿಟ್ಟಿದ್ದಾಗ ಮೂರು ತಿಂಗಳು ನೀನು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದೆಯಂತೆ. ಒಬ್ಬ ನರ್ಸಮ್ಮ, "ಸುಮ್ಮನೆ ಕೂತು ಅಳಬೇಡಮ್ಮ, ಇದನ್ನ ಹಿಡಿ" ಎಂದು ಕ್ರೋಶಾ ಕಡ್ಡಿ ಕೊಟ್ಟು ಲೇಸು ಹೆಣೆಯುವುದನ್ನು ಕಲಿಸಿದಳು. ಆ ಕಡ್ಡಿ ಅಲ್ಲೇ ಎಲ್ಲೋ ಹೋಯಿತು. ಊರಿಗೆ ಬಂದ ಮೇಲೆ ಭಾವನ ಮುರಿದ ಛತ್ರಿಯಿಂದ ಒಂದು ಕಡ್ಡಿ ಕಿತ್ತು, ತುದಿ ಬಗ್ಗಿಸಿ, ಬಚ್ಚಲ ಕಲ್ಲಿಗೆ ಉಜ್ಜಿ ಉಜ್ಜಿ ನೀನೇ ಕೊಕ್ಕೆ ಮಾಡಿಕೊಂಡೆ. "ಕೈ ಸುಮ್ನಿರಕ್ಕೆ ಆಗಲ್ಲ ಕಣೇ ನಾಗು, ಅದಕ್ಕೆ," ಎಂದಿದ್ದೆ. ನನಗೆ ನಿನ್ನ ಮೇಲೆ ಅಕ್ಕರೆ ಹುಟ್ಟಿದ್ದು ಆ ಮಾತಿನಿಂದ.

ಮೊದಲ ಗೊಂಬೆ ಹುಟ್ಟಿದ್ದು ಒಂದು ತಪ್ಪಿನಿಂದ, ನೆನಪಿದೆಯಾ? ತಂಬಿಗೆ ಮುಚ್ಚಲು ನೀನು ದುಂಡನೆಯ ಲೇಸು ಹೆಣೆಯುತ್ತಿದ್ದೆ. ನಡುವಿನ ಉಂಗುರದಲ್ಲಿ ಆರು ಕುಣಿಕೆ, ಮುಂದಿನ ಸುತ್ತಿಗೆ ಹನ್ನೆರಡು, ಅದರ ಮುಂದಿನದಕ್ಕೆ ಹದಿನೆಂಟು, ಹೀಗೆ ಸುತ್ತಿಗೆ ಆರಾರು ಹೆಚ್ಚಿಸುತ್ತಾ ಹೋದರೆ ಲೇಸು ತಟ್ಟೆಯ ಹಾಗೆ ಹರಡಿಕೊಳ್ಳುತ್ತದೆ. ಆವತ್ತು ನಾನು ಪಕ್ಕದಲ್ಲಿ ಕೂತು ನನ್ನ ತವರಿನ ಪುರಾಣ ಕೊರೆಯುತ್ತಿದ್ದೆ. ನೀನು ಹೆಚ್ಚಿಸುವುದನ್ನು ಮರೆತು ನಾಲ್ಕೈದು ಸುತ್ತು ಹಾಗೇ ಹೋದೆ. ಲೇಸು ಮುದುಡಿ ಬಟ್ಟಲಾಯಿತು. ನಾನಾಗಿದ್ದರೆ ಬೈದುಕೊಂಡು ಬಿಚ್ಚುತ್ತಿದ್ದೆ. ನೀನು ಅದನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದೆ. ಆಮೇಲೆ, "ನಾಗು, ಇದು ಹೊಟ್ಟೆ ಕಣೇ," ಎಂದೆ. ಹೆಚ್ಚಿಸಿದರೆ ಹರಡುತ್ತದೆ, ಹಾಗೇ ಬಿಟ್ಟರೆ ಗೋಡೆಯಾಗಿ ನಿಲ್ಲುತ್ತದೆ, ಇಳಿಸಿದರೆ ಮುಚ್ಚಿಕೊಳ್ಳುತ್ತದೆ. ಇಷ್ಟೇ. ಇಷ್ಟರಲ್ಲಿ ಹೊಟ್ಟೆ, ತಲೆ, ಕಾಲು, ಬಾಲ ಎಲ್ಲ ಆಗುತ್ತದೆ ಎಂದು ನಿನಗೆ ಆ ಒಂದೇ ಮಧ್ಯಾಹ್ನದಲ್ಲಿ ಹೊಳೆದಿತ್ತು.

ಅಲ್ಲಿಂದ ನಿನಗೆ ಹುಚ್ಚು ಹಿಡಿಯಿತು. ಹಾಗೆನ್ನದೆ ಏನೆನ್ನಲಿ? ಮೇಕೆಮರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದರ ಕತ್ತಿಗೆ ದಾರ ಸುತ್ತಿ ಅಳತೆ ತೆಗೆದೆ. ಹಸು ಮಲಗುವಾಗ ಮೊದಲು ಮಂಡಿಯೂರುತ್ತದೋ ಹಿಂಗಾಲು ಮಡಚುತ್ತದೋ ಎಂದು ಕೊಟ್ಟಿಗೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಕಾದೆ. ಸುತ್ತು ಎಣಿಸಲು ಹುಣಸೆ ಬೀಜ ಇಟ್ಟುಕೊಳ್ಳುತ್ತಿದ್ದೆ, ಒಂದು ಸುತ್ತು ಮುಗಿದರೆ ಒಂದು ಬೀಜ ಎಡದಿಂದ ಬಲಕ್ಕೆ. ಯಾವ ಪುಸ್ತಕ ನೋಡಿದ್ದೆ ನೀನು? ಯಾರು ಹೇಳಿಕೊಟ್ಟಿದ್ದರು? ಮೊದಲ ಆನೆ ನಿಲ್ಲಿಸಿದರೆ ಮುಗ್ಗರಿಸುತ್ತಿತ್ತು. ಮೂರು ಸಲ ಬಿಚ್ಚಿದೆ. ನಾಲ್ಕನೆಯ ಸಲ ಹಿಂಗಾಲನ್ನು ಎರಡು ಸುತ್ತು ಗಿಡ್ಡ ಮಾಡಿದೆ, ಆನೆ ನಿಂತಿತು. ನಿಂತದ್ದಷ್ಟೇ ಅಲ್ಲ, ಈಗ ತಾನೇ ಕೂರಲು ಹೊರಟ ಹಾಗೆ ಕಂಡಿತು. ಹುಳದ ಮನೆಯಲ್ಲಿ ನಾವಿಬ್ಬರೂ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕೆವು.

ಹುಳದ ಮನೆ ಇದ್ದದ್ದೇ ನಮಗೊಂದು ಅನುಕೂಲ. ಮಂಡಿನೋವಿನ ಅತ್ತೆ ಆ ಮೂರು ಮೆಟ್ಟಿಲು ಹತ್ತುತ್ತಿರಲಿಲ್ಲ, ಗಂಡಸರು ಹುಳ ಹಣ್ಣಾಗಿ, ಗೂಡು ಕಟ್ಟಲು ಚಂದ್ರಂಕಿಯ ತಟ್ಟೆಗೆ ಬಿಡುವ ದಿನ ಬಿಟ್ಟರೆ ಅಲ್ಲಿಗೆ ಬರುತ್ತಿರಲಿಲ್ಲ. ಹುಳಕ್ಕೆ ಸೊಪ್ಪು ಹಾಕಲು ನಿನ್ನ ಕೈಯೇ ಬೇಕು ಎಂದು ಅತ್ತೆ ಎಲ್ಲರೆದುರು ಹೇಳುತ್ತಿದ್ದರು. ದೊಡ್ಡ ಸೊಸೆ ನೋಡಿಕೊಂಡ ಬೆಳೆ ಒಂದು ಸಲವೂ ಕೆಟ್ಟಿಲ್ಲ ಎಂದು ಹೆಮ್ಮೆ ಬೇರೆ. ಅದೇ ಕೈ ಕುಂಕುಮದ ಭರಣಿ ಮುಟ್ಟುವ ಹಾಗಿರಲಿಲ್ಲ, ಬಾಗಿನ ಕೊಡುವ ಹಾಗಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು, ನಿನಗೆ ಬರುತ್ತಿರಲಿಲ್ಲ. ಬರುತ್ತಿರಲಿಲ್ಲವೋ, ಬಂದರೂ…

ನನ್ನ ಮಗನನ್ನು ಮೂರು ತಿಂಗಳ ಕೂಸಾಗಿ ತವರಿನಿಂದ ಕರೆತಂದಾಗ ಇಲ್ಲಿ ತೊಟ್ಟಿಲು ಶಾಸ್ತ್ರ ಇಟ್ಟುಕೊಂಡರು. ನೀನು ಒಂದು ತಿಂಗಳಿಂದ ಗುಟ್ಟಾಗಿ ಮಾಡಿದ್ದ ಮೊಲವನ್ನು ತಂದು ನನ್ನ ಮಡಿಲಿಗೆ ಹಾಕಿದೆ. ಕಣ್ಣಿಗೆ ಗುಂಡಿ ಹಾಕಿರಲಿಲ್ಲ, ಮಗು ಬಾಯಿಗೆ ಹಾಕಿಕೊಂಡೀತು ಎಂದು ಕಪ್ಪು ದಾರದಲ್ಲೇ ಹೆಣೆದಿದ್ದೆ. ನಾನು ಅದನ್ನು ಹಿಡಿದು ಕುಣಿಯುತ್ತಾ ಪಡಸಾಲೆಗೆ ಹೋದೆ. ಅತ್ತೆ ನೋಡಿದರು. "ತೊಟ್ಲಿಗೆ ಮುತ್ತೈದೆ ಕೈ ತಾಗಿದ್ದೇ ಹಾಕ್ಬೇಕು ಕಣಮ್ಮ. ಮೊದಲ ಮಗ ಬೇರೆ. ಇದ್ಯಾರು ಮಾಡಿದ್ದು?" ಎಂದರು. ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅತ್ತೆಯ ಬೆನ್ನ ಹಿಂದಿನಿಂದ ನನ್ನ ಕಡೆ ಬೆರಳು ತೋರಿಸಿದೆ, ಆಮೇಲೆ ನಿನ್ನ ಎದೆ ಮುಟ್ಟಿಕೊಂಡು ಇಲ್ಲ ಎಂದು ತಲೆಯಾಡಿಸಿದೆ. "ನಾನೇ ಅತ್ತೆ, ತವರಲ್ಲಿದ್ದಾಗ ಮಾಡ್ದೆ," ಎಂದೆ. ಮೊಲ ತೊಟ್ಟಿಲಿಗೆ ಹೋಯಿತು. ಸಂಜೆ ನಾನು ಅತ್ತಾಗ, "ಅಯ್ಯೋ ಹುಚ್ಚಿ, ಅದು ಮಗು ಪಕ್ಕ ಮಲಗಿದೆಯಲ್ಲ, ಸಾಕು. ಯಾರ ಹೆಸರಾದ್ರೇನು?" ಎಂದು ನೀನೇ ನನ್ನ ಕಣ್ಣೊರೆಸಿದೆ.

ಯಾರ ಹೆಸರಾದರೇನು ಎಂದು ಹೇಳುವುದು ಸುಲಭ, ಹೆಸರು ಹೋದವರಿಗೆ. ಬಂದವರಿಗೆ ಅದರ ರುಚಿ ಹತ್ತುತ್ತದೆ ಅಕ್ಕ. ಒಂದೇ ವರ್ಷದಲ್ಲಿ ನಾನು ಗೊಂಬೆ ನಾಗರತ್ನಮ್ಮಳಾದೆ. ಎಲ್ಲೇ ತೊಟ್ಟಿಲು ಶಾಸ್ತ್ರವಾದರೂ ಒಂದು ಗೊಂಬೆ ಬೇಕು. ಪಕ್ಕದ ಮನೆ ಗಂಗಮ್ಮನ ಮಗನಿಗೆ ಕೋತಿ, ಶ್ಯಾನುಭೋಗರ ಮೊಮ್ಮಗಳಿಗೆ ಗಿಳಿ, ಕೈವಾರದ ನನ್ನ ಚಿಕ್ಕಮ್ಮನ ಮನೆಗೆ ಅಳಿಲು. ನಾನು ಜಗುಲಿಯಲ್ಲಿ ಕಡ್ಡಿ ಹಿಡಿದು ಅಂಚಿನ ಲೇಸು ಎಳೆಯುತ್ತಾ ಕೂತಿರುತ್ತಿದ್ದೆ, ನೋಡುವವರಿಗೆ ಅದೇ ಸಾಕ್ಷಿ. ಗೊಂಬೆ ಹುಟ್ಟುತ್ತಿದ್ದದ್ದು ಹಿಂದೆ, ಹುಳದ ಮನೆಯಲ್ಲಿ. ಪ್ರತಿ ಶಾಸ್ತ್ರ ಮುಗಿಸಿ ಬಂದಾಗಲೂ ನೀನು ಕೇಳುತ್ತಿದ್ದದ್ದು ಒಂದೇ: "ಮಗು ಎಲ್ಲಿ ಹಿಡ್ಕೊಳ್ತು? ಕಿವೀನಾ, ಕಾಲಾ?" ಕಿವಿ ಎಂದರೆ ಮುಂದಿನ ಗೊಂಬೆಯ ಕಿವಿ ಇನ್ನಷ್ಟು ಗಟ್ಟಿಯಾಗುತ್ತಿತ್ತು. ನಾನು ತಿಂದ ಹೋಳಿಗೆ, ಕೇಳಿದ ಹೊಗಳಿಕೆ ಯಾವುದೂ ನಿನಗೆ ಬೇಕಿರಲಿಲ್ಲ.

ಗಂಗಮ್ಮನ ವಿಷಯ ಮಾತ್ರ ನನಗೆ ಆಗಲೇ ಚುಚ್ಚುತ್ತಿತ್ತು. ಅವಳು ಬೆಳಗ್ಗೆ ಹೊರಗೆ ಹೊರಟಾಗ ನೀನು ಕೊಡ ಹಿಡಿದು ಎದುರಾದರೆ ತಿರುಗಿ ಒಳಗೆ ಹೋಗುತ್ತಿದ್ದಳು. ಒಂದು ಗುಟುಕು ನೀರು ಕುಡಿದು, ಸ್ವಲ್ಪ ಹೊತ್ತು ಕೂತು ಮತ್ತೆ ಹೊರಡುತ್ತಿದ್ದಳು. ಕೆಟ್ಟವಳಲ್ಲ, ನಿನಗೆ ಜ್ವರ ಬಂದಾಗ ಗಂಜಿ ತಂದುಕೊಟ್ಟವಳೂ ಅವಳೇ. ಶಕುನಕ್ಕೆ ಮಾತ್ರ ಹೆದರುತ್ತಿದ್ದಳು. ಅದೇ ಗಂಗಮ್ಮ ನನ್ನ ಕೈ ಹಿಡಿದು, "ನಿನ್ನ ಕೋತಿ ಇಲ್ದೆ ನನ್ಮಗ ನಿದ್ದೇನೇ ಮಾಡಲ್ಲ ಕಣೇ ನಾಗು," ಎನ್ನುತ್ತಿದ್ದಳು. ನಾನು ನಗುತ್ತಿದ್ದೆ. ನಿನ್ನ ಹತ್ತಿರ ಹೇಳಿದರೆ ನೀನೂ ನಗುತ್ತಿದ್ದೆ. ಈಗ ಯೋಚಿಸಿದರೆ ನೀನು ನಕ್ಕದ್ದು ಯಾಕೆಂದು ನನಗೆ ಗೊತ್ತಿಲ್ಲ.

ಈಗ ಚಿಕ್ಕಬಳ್ಳಾಪುರದ ಮಾತಿಗೆ ಬರುತ್ತೇನೆ. ಇಲ್ಲಿಯವರೆಗೆ ಬರೆದದ್ದೆಲ್ಲ ಇದನ್ನು ಮುಂದೂಡುವುದಕ್ಕೇ ಎಂದು ನಿನಗೆ ಅರ್ಥವಾಗಿರಬೇಕು. ಚೀನಾ ಯುದ್ಧದಲ್ಲಿ ಜವಾನರಿಗೆ ಸ್ವೆಟರ್ ಹೆಣೆದ ಹೆಂಗಸರೆಲ್ಲ ಸೇರಿ ಅಲ್ಲಿ ಕೈಕೆಲಸದ ಪ್ರದರ್ಶನ ಇಟ್ಟಿದ್ದರು. ನಾವಿಬ್ಬರೂ ಶಿಡ್ಲಘಟ್ಟದಲ್ಲಿ ಚಿಕ್ಕ ರೈಲು ಹತ್ತಿದೆವು. ನಿನ್ನ ಮಡಿಲಲ್ಲಿ ಬಟ್ಟೆಯ ಗಂಟು, ಅದರೊಳಗೆ ಕರು. ನಾಲ್ಕು ತಿಂಗಳ ಕೆಲಸ ಅದು. ಕಾಲು ಮಡಚಿ, ಕತ್ತು ಹಿಂದಕ್ಕೆ ತಿರುಗಿಸಿ, ಮೂತಿಯನ್ನು ಹೊಟ್ಟೆಯ ಪಕ್ಕಕ್ಕಿಟ್ಟು ಮಲಗಿದ ಕರು. ಬೇರೆ ಗೊಂಬೆಗಳೆಲ್ಲ ನೆಟ್ಟಗೆ ಮುಂದೆ ನೋಡುತ್ತವೆ. ಕತ್ತನ್ನು ಹಾಗೆ ತಿರುಗಿಸುವುದಕ್ಕೆ ನೀನು ಎಷ್ಟು ಒದ್ದಾಡಿದ್ದೆ! ತಂತಿ ಹಾಕೋಣ ಎಂದರೆ, "ಮಗೂಗೆ ಚುಚ್ಚುತ್ತೆ," ಎಂದು ಬೈದಿದ್ದೆ. ರೈಲಿನಲ್ಲಿ ಎದುರು ಕೂತಿದ್ದ ಮುದುಕಿ ಗಂಟಿನಿಂದ ಇಣುಕಿದ ಕಿವಿ ನೋಡಿ, "ಏಮ್ಮಾ, ದೂಡಾ?" ಎಂದು, ನಿಜವಾದ ಕರುವೇ ಎಂಬ ಹಾಗೆ ತೆಲುಗಿನಲ್ಲಿ ಕೇಳಿದಾಗ ನೀನು ಹುಡುಗಿಯ ಹಾಗೆ ನಾಚಿಕೊಂಡೆ.

ಮೇಜಿನ ಹಿಂದೆ ಹೆಸರು ಬರೆದುಕೊಳ್ಳುತ್ತಿದ್ದ ಸ್ಕೂಲಿನ ಮೇಡಂ ಹಣೆಯೂ ನಿನ್ನ ಹಣೆಯ ಹಾಗೇ ಬರಿದಾಗಿತ್ತು. ನಾನು ಅದನ್ನು ನೋಡಿದೆ ಅಕ್ಕ. ನೋಡಲಿಲ್ಲ ಎಂದು ಹೇಳಿದರೆ ಇನ್ನೊಂದು ಸುಳ್ಳಾಗುತ್ತದೆ. ಆಕೆಯನ್ನು ಎಲ್ಲರೂ ಅಮ್ಮಾ ಅಮ್ಮಾ ಎಂದು ಕರೆಯುತ್ತಿದ್ದರು, ಆಕೆ ಕೊಟ್ಟ ಚೀಟಿಯನ್ನು ಮುತ್ತೈದೆಯರು ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಿದ್ದರು. ಅಮಲ್ದಾರರ ಹೆಂಡತಿ ಬಂದು ಕರುವನ್ನು ಎತ್ತಿ, ತಿರುಗಿಸಿ, ಹೊಟ್ಟೆಯ ಕೆಳಗೆ ಬೆರಳಾಡಿಸಿ ನೋಡಿದರು. ಹೆಣಿಗೆ ಗೊತ್ತಿದ್ದ ಹೆಂಗಸು. "ಎಲ್ಲ ಸರಿ, ಈ ಕತ್ತು ತಿರುಗಿಸೋದು ಯಾರಿಗೆ ಹೊಳೀತು?" ಎಂದು ಕೇಳಿದರು. ನೀನು ಹತ್ತು ಹೆಜ್ಜೆ ದೂರದಲ್ಲಿ ಕಿಟಕಿಯ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದೆ. ಅಲ್ಲಿ ತೊಟ್ಟಿಲಿರಲಿಲ್ಲ. ಅತ್ತೆ ಇರಲಿಲ್ಲ. ನಿಜ ಹೇಳಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. "ನನಗೇ," ಎಂದೆ. ಅಭ್ಯಾಸ ಬಲ ಎಂದು ಎಷ್ಟೋ ದಿನ ಸಮಾಧಾನ ಮಾಡಿಕೊಂಡೆ. ಅಭ್ಯಾಸವಲ್ಲ. ಆಸೆ.

ಮೊದಲ ಬಹುಮಾನದ ಕಾಗದದಲ್ಲಿ ನನ್ನ ಹೆಸರು ಬರೆದುಕೊಟ್ಟರು. ವಾಪಸ್ ಬರುವಾಗ ರೈಲು ನಿಧಾನಕ್ಕೆ ತೆವಳುತ್ತಿತ್ತು. ನೀನು ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ಕರುವನ್ನು ಮತ್ತೆ ಗಂಟು ಕಟ್ಟಿ, ಕಿಟಕಿಯಾಚೆ ಬೆಟ್ಟದ ಕಡೆ ನೋಡುತ್ತಾ ಒಂದೇ ಒಂದು ಮಾತಾಡಿದೆ: "ಆಯಮ್ಮ ಸರಿಯಾದ್ ಪ್ರಶ್ನೆ ಕೇಳಿದ್ರು ಕಣೇ. ಇಷ್ಟ್ ವರ್ಷದಲ್ಲಿ ಯಾರೂ ಅದನ್ನ ಕೇಳಿರಲಿಲ್ಲ." ಆಮೇಲೆ ಸೆರಗಿನಿಂದ ಕಡಲೆಕಾಯಿ ತೆಗೆದು ನನಗೆ ಅರ್ಧ ಕೊಟ್ಟೆ.

ಆಮೇಲೂ ನೀನು ಗೊಂಬೆ ಮಾಡುವುದು ನಿಲ್ಲಿಸಲಿಲ್ಲ, ನನ್ನ ಮೇಲೆ ಮುನಿಸಿಕೊಳ್ಳಲೂ ಇಲ್ಲ. ಕರುವನ್ನು ಮಾತ್ರ ಯಾರಿಗೂ ಕೊಡಲಿಲ್ಲ, ನಿನ್ನ ಟ್ರಂಕಿನಲ್ಲೇ ಇಟ್ಟೆ. ನಾನು ಕ್ಷಮೆ ಕೇಳಬೇಕು ಎಂದುಕೊಂಡದ್ದು ಎಷ್ಟು ಸಲವೋ. ಹುಳ ನಾಲ್ಕನೇ ನಿದ್ದೆಯಿಂದ ಏಳಲಿ, ಗೂಡು ಸಂತೆಗೆ ಹೋಗಲಿ, ಹಬ್ಬ ಕಳೆಯಲಿ ಎಂದು ದಿನ ತಳ್ಳಿದೆ. ಹೋದ ವರ್ಷ ನಿನಗೆ ಬಂದ ಜ್ವರ ಆರೇ ದಿನದಲ್ಲಿ ನಿನ್ನನ್ನು ಒಯ್ದಿತು. ಕೊನೆಯ ದಿನ ನಿನ್ನ ಬೆರಳುಗಳು ಹೊದಿಕೆಯ ಅಂಚಿನ ಮೇಲೆ ಆಡುತ್ತಲೇ ಇದ್ದವು, ಏನನ್ನೋ ಹೆಣೆಯುವ ಹಾಗೆ. ನಾನು ಆ ಕೈ ಹಿಡಿದುಕೊಂಡಿದ್ದೆ. ಆಗಲಾದರೂ ಹೇಳಬಹುದಿತ್ತಲ್ಲ…

ನೀನು ಹೋದ ಎಂಟು ತಿಂಗಳಿಗೆ ನಮ್ಮ ಸುಶೀಲ ಚಿಂತಾಮಣಿಯಿಂದ ಬಸುರಿಯಾಗಿ ತವರಿಗೆ ಬಂದಳು. ಮದುವೆಯಾಗಿ ಆರು ವರ್ಷಕ್ಕೆ ಮೊದಲ ಬಸಿರು. ಮಗಳ ಹೊಟ್ಟೆ ಕಂಡು ಅತ್ತೆಗೆ ಹೆದರಿಕೆಯೂ ಸಂಭ್ರಮವೂ ಒಟ್ಟಿಗೆ. "ಗೊಂಬೆ ಇನ್ನೂ ಯಾಕೆ ಶುರು ಮಾಡಿಲ್ಲ? ಊರಿಗೆಲ್ಲ ಮಾಡಿಕೊಟ್ಟೆ, ನಾದಿನಿಗೆ ಇಲ್ವಾ?" ಎಂದು ನನ್ನನ್ನು ದಿನಾ ಕೇಳತೊಡಗಿದರು. ನಗಬೇಡ ಅಕ್ಕ. ನನಗೆ ಬರುತ್ತಿದ್ದದ್ದು ಅಂಚಿನ ಲೇಸು ಮಾತ್ರ. ಹತ್ತು ವರ್ಷ ನಿನ್ನ ಪಕ್ಕದಲ್ಲಿ ಕೂತೂ ತಲೆ ಹೇಗೆ ಮುಚ್ಚುತ್ತಾರೆ ಎಂದು ನಾನು ಕಲಿಯಲಿಲ್ಲ. ಕಲಿಯುವ ಅಗತ್ಯ ಎಲ್ಲಿತ್ತು? ನಾನಾಗಲೇ ಪ್ರಸಿದ್ಧಳಾಗಿದ್ದೆನಲ್ಲ.

ಅತ್ತೆ ದೇವಸ್ಥಾನಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ನಿನ್ನ ಟ್ರಂಕು ತೆಗೆದೆ. ಕರು ಮೇಲೇ ಇತ್ತು. ಅದನ್ನೇ ಸುಶೀಲನ ಮಗುವಿಗೆ ಕೊಟ್ಟುಬಿಡಬಹುದಿತ್ತು, ಯಾರಿಗೆ ಗೊತ್ತಾಗುತ್ತಿತ್ತು? ಆ ಯೋಚನೆ ಬಂತು, ಬರಲಿಲ್ಲವೆಂದರೆ ದೇವರು ಮೆಚ್ಚುವುದಿಲ್ಲ. ಆದರೆ ಸತ್ತ ಮೇಲೂ ನಿನ್ನದನ್ನು ನನ್ನದೆಂದು ಹೇಳುವುದು ನನ್ನಿಂದ ಆಗಲಿಲ್ಲ. ಬದಲಿಗೆ ಅದಕ್ಕಿಂತ ಕ್ರೂರವಾದ ಕೆಲಸಕ್ಕೆ ಕೈ ಹಾಕಿದೆ. ಕೊನೆಯ ಗಂಟು ಹುಡುಕಿ ಕತ್ತರಿಸಿದೆ. ದಾರ ಎಳೆಯುತ್ತಾ, ಸುತ್ತು ಸುತ್ತಾಗಿ ಬಿಚ್ಚುತ್ತಾ, ಒಂದೊಂದು ಸುತ್ತಿನಲ್ಲಿ ಎಷ್ಟು ಕುಣಿಕೆ, ಎಲ್ಲಿ ಹೆಚ್ಚು, ಎಲ್ಲಿ ಕಮ್ಮಿ ಎಂದು ಮಗನ ಸ್ಲೇಟಿನ ಮೇಲೆ ಬರೆದುಕೊಂಡೆ. ನೀನು ನಾಲ್ಕು ತಿಂಗಳು ಮಾಡಿದ್ದನ್ನು ನಾನು ಕೊನೆಯಿಂದ ಮೊದಲಿಗೆ ಓದಿದೆ. ಕತ್ತಿನ ಹತ್ತಿರ ಬಂದಾಗ ಕೈ ನಿಂತುಹೋಯಿತು. ನೀನು ಒಂದೇ ಸುತ್ತಿನಲ್ಲಿ ಒಂದು ಪಕ್ಕ ಎರಡು ಕುಣಿಕೆ ಹೆಚ್ಚಿಸಿ, ಎದುರು ಪಕ್ಕ ಎರಡು ಇಳಿಸಿದ್ದೆ. ಒಟ್ಟು ಎಣಿಕೆ ಬದಲಾಗುವುದಿಲ್ಲ, ಕತ್ತು ಮಾತ್ರ ತಾನಾಗಿ ಬಾಗುತ್ತದೆ. ಎಷ್ಟು ಸರಳ! ಯಾರಿಗೆ ಹೊಳೆಯುತ್ತಿತ್ತು ಇದು?

ಒಳಗೆ ನೀನು ಬಿಳಿ ಬಟ್ಟೆಯ ಚೀಲ ಹೊಲಿದು ತುಂಬಿದ್ದೆ. ಏನು ತುಂಬುತ್ತೀಯ ಎಂದು ಹಿಂದೆ ಕೇಳಿದಾಗಲೆಲ್ಲ, "ಹಳೇ ಬಟ್ಟೆ," ಎನ್ನುತ್ತಿದ್ದೆ. ಚೀಲದ ಹೊಲಿಗೆ ಒಂದು ಕಡೆ ಬಿಟ್ಟಿತ್ತು, ಬೆರಳಿಗೆ ನುಣುಪಾಗಿ ಏನೋ ಸಿಕ್ಕಿತು. ಎಳೆದೆ. ಕೆಂಪು ರೇಷ್ಮೆಯ ಚೂರು. ಮತ್ತೆ ಎಳೆದೆ, ಹಸಿರು. ಟ್ರಂಕಿನ ತಳಕ್ಕೆ ಕೈ ಹಾಕಿದರೆ ನಿನ್ನ ಧಾರೆ ಸೀರೆಯ ಅಂಚು, ಬೀಗರು ಉಡಿಸಿದ ಹಸಿರು ಸೀರೆಯ ಅಂಚು, ಇನ್ನೂ ನಾಲ್ಕು ಸೀರೆಗಳ ಬರೀ ಅಂಚು. ಮಡಿಸಿ, ದಾರ ಕಟ್ಟಿ ಇಟ್ಟಿದ್ದೆ. ಸೀರೆಯ ಮೈಯೆಲ್ಲ ಊರಿನ ಮಕ್ಕಳ ತೊಟ್ಟಿಲಿಗೆ ಹೋಗಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ ಅಕ್ಕ. ಬೇಕೆಂದೇ ಹಾಗೆ ಮಾಡಿದೆಯಾ? ಅಥವಾ ತುಂಬಲು ಬೇರೆ ಬಟ್ಟೆ ಸಿಗಲಿಲ್ಲ, ಉಡುವ ಹಾಗಿಲ್ಲದ ಸೀರೆ ಇದ್ದವು, ಕತ್ತರಿಸಿದೆ, ಅಷ್ಟೇನಾ? ನೀನಿದ್ದಿದ್ದರೂ ಇದಕ್ಕೆ ಉತ್ತರ ಹೇಳುತ್ತಿದ್ದೆಯೋ ಇಲ್ಲವೋ.

ಸ್ಲೇಟು ಎದುರಿಗಿಟ್ಟುಕೊಂಡು ನಿನ್ನ ಛತ್ರಿ ಕಡ್ಡಿಯಲ್ಲೇ ನನ್ನ ಕರು ಶುರು ಮಾಡಿದೆ. ಎರಡು ತಿಂಗಳು ಹಿಡಿಯಿತು. ಎಣಿಕೆ ನಿನ್ನದೇ, ದಾರವೂ ನಿನ್ನದೇ, ಕೈ ಮಾತ್ರ ನನ್ನದು, ಅದು ಗೊತ್ತಾಗುತ್ತಿತ್ತು. ಒಂದು ಸುತ್ತು ಬಿಗಿ, ಇನ್ನೊಂದು ಸಡಿಲ. ಕತ್ತು ಬಾಗಿತು ನಿಜ, ನಿದ್ದೆಯಲ್ಲಿ ಬಾಗಿದ ಹಾಗಲ್ಲ, ಯಾರೋ ಹಿಡಿದು ತಿರುಚಿದ ಹಾಗೆ. ಹೊಟ್ಟೆಗೆ ನನ್ನ ಹಳೆಯ ನೂಲಿನ ಸೀರೆ ತುಂಬಿದೆ. ನಿನ್ನ ರೇಷ್ಮೆ ಚೂರುಗಳನ್ನು ಅದೇ ಬಿಳಿ ಚೀಲದಲ್ಲಿ ಹೊಲಿದು ಟ್ರಂಕಿಗೆ ಹಾಕಿದೆ.

ಹೋದ ಸೋಮವಾರ ಸುಶೀಲನ ಮಗಳ ತೊಟ್ಟಿಲು ಶಾಸ್ತ್ರವಾಯಿತು. ಮಗು ಸುಶೀಲನ ಮಡಿಲಲ್ಲಿತ್ತು, ತೊಟ್ಟಿಲ ಸುತ್ತ ಹೆಂಗಸರು. ನಾನು ಕರುವನ್ನು ಒಳಗಿಟ್ಟೆ. ಗಂಗಮ್ಮ ಬಗ್ಗಿ ನೋಡಿ, "ಏನೇ ನಾಗು, ಈ ಸಲದ ಕರೂಗೆ ಕತ್ತು ಉಳುಕೈತಲ್ಲೇ! ಇದು ನಿನ್ನ ಕೈದಾ?" ಎಂದಳು. ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು. ಕೈನೋವು, ಕಣ್ಣು ಮಂಜು, ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ನನ್ನ ಬಾಯಿಂದ ಬಂದದ್ದು ಬೇರೆ. "ಇದೊಂದೇ ನನ್ನ ಕೈದು. ಹಿಂದಿನವೆಲ್ಲ ಅಕ್ಕ ಮಾಡಿದ್ದು," ಎಂದೆ.

ಯಾರಿಗೂ ಒಮ್ಮೆಗೇ ಅರ್ಥವಾಗಲಿಲ್ಲ. "ಯಾವ ಅಕ್ಕ?" ಎಂದು ಯಾರೋ ಕೇಳಿದರು. ನಿನ್ನ ಹೆಸರು ಹೇಳಿದೆ. ವೆಂಕಟಲಕ್ಷ್ಮಿ, ಈ ಮನೆಯ ದೊಡ್ಡ ಸೊಸೆ. ಮೊಲ, ಕೋತಿ, ಗಿಳಿ, ಅಳಿಲು, ಬಹುಮಾನ ಬಂದ ಕರು, ಎಲ್ಲ. ಅತ್ತೆ ಮೆಲ್ಲಗೆ, "ನಾಗು, ಒಳಗ್ ಹೋಗು," ಎಂದರು. ಹೋಗಲಿಲ್ಲ. ಮಾತು ಮುಗಿಸಿದೆ. ಸೀರೆಯ ವಿಷಯ ಮಾತ್ರ ಎತ್ತಲಿಲ್ಲ, ಅದು ನಿನ್ನ ಗುಟ್ಟು. ಇಬ್ಬರು ತಾಂಬೂಲ ತೆಗೆದುಕೊಳ್ಳದೆ ಎದ್ದು ಹೋದರು, ಅದರಲ್ಲಿ ಗಂಗಮ್ಮ ಒಬ್ಬಳು. ಸುಶೀಲ ನನ್ನ ಮುಖವನ್ನೂ ಅವಳಮ್ಮನ ಮುಖವನ್ನೂ ನೋಡಿದಳು. ಆಮೇಲೆ ಎದ್ದು, ಮಗುವನ್ನು ಆ ಸೊಟ್ಟ ಕರುವಿನ ಪಕ್ಕದಲ್ಲೇ ಮಲಗಿಸಿ ತೊಟ್ಟಿಲು ತೂಗಿದಳು.

ಅತ್ತೆ ಇವತ್ತಿಗೆ ನಾಲ್ಕನೇ ದಿನ ನನ್ನ ಹತ್ತಿರ ಮಾತಾಡಿಲ್ಲ. ನಾನು ಸುಳ್ಳು ಹೇಳಿದ್ದಕ್ಕೋ, ಆ ಸುಳ್ಳನ್ನು ಎಲ್ಲರೆದುರು ಒಡೆದದ್ದಕ್ಕೋ ತಿಳಿಯುತ್ತಿಲ್ಲ. ಒಂದೊಂದು ಸಲ ಅನಿಸುತ್ತದೆ, ಅವರಿಗೆ ಮೊದಲಿನಿಂದಲೂ ಗೊತ್ತಿತ್ತೇನೋ. ಮಂಡಿನೋವು ಇಷ್ಟು ವರ್ಷವೂ ಆ ಮೂರು ಮೆಟ್ಟಿಲಿಗೆ ಮಾತ್ರ ಹೇಗೆ ಬರುತ್ತಿತ್ತು? ಇರಲಿ. ಬರುವ ವಾರ ಬಹುಮಾನದ ಕಾಗದ ತೆಗೆದುಕೊಂಡು ಚಿಕ್ಕಬಳ್ಳಾಪುರಕ್ಕೆ ಹೋಗುತ್ತೇನೆ. ಆ ಮೇಡಂ ಇನ್ನೂ ಅಲ್ಲೇ ಇದ್ದಾರಂತೆ. ನನ್ನ ಹೆಸರು ಹೊಡೆದು ನಿನ್ನ ಹೆಸರು ಬರೆಯುತ್ತಾರೋ ಇಲ್ಲವೋ, ಹೇಳಿಯಂತೂ ಬರುತ್ತೇನೆ. ನಿನ್ನಾಣೆ.

ಇನ್ನೊಂದು ಮಾತಿದೆ. ನಿನ್ನೆ ಮಧ್ಯಾಹ್ನ ಗಂಗಮ್ಮ ಬಂದಳು. ಒಳಗೆ ಬರಲಿಲ್ಲ, ಜಗುಲಿಯ ಕೆಳಗೇ ನಿಂತಳು. ಬೈಯಲು ಬಂದಿದ್ದಾಳೆ ಎಂದು ನಾನೂ ಸೊಂಟ ಕಟ್ಟಿ ನಿಂತೆ. ಅವಳು ನೆಲ ನೋಡುತ್ತಾ, "ನನ್ಮಗ ಏಳ್ ವರ್ಷ ಅದನ್ನ ತಬ್ಕೊಂಡೇ ಮಲಗಿದಾನೆ ನಾಗು. ಅವನಿಗೇನೂ ಆಗ್ಲಿಲ್ವಲ್ಲೇ," ಎಂದಳು. ಮತ್ತೆ, "ಏನೂ ಆಗ್ಲಿಲ್ಲ. ನಾನು ಮಾತ್ರ ಅವಳನ್ನ ಕಂಡಾಗೆಲ್ಲ ತಿರುಗಿ ಒಳಗ್ ಹೋಗ್ತಿದ್ದೆ. ಅವಳು ನೋಡ್ತಿದ್ಲು ಕಣೇ. ಕೊಡ ಇಳಿಸಿ, ನಾನು ಮತ್ತೆ ಹೊರಡೋವರ್ಗೂ ಮರದ ಹಿಂದೆ ನಿಂತ್ಕೊತಿದ್ಲು…" ಎಂದವಳು ಅಲ್ಲೇ ಕೂತು ಅತ್ತಳು. ನಾನು ಸಮಾಧಾನ ಮಾಡಲಿಲ್ಲ. ಅವಳ ಅಳು ನನಗೆ ಸೇರಿದ್ದಲ್ಲ. ನಿನಗೆ ಹೇಳಬೇಕಾದ್ದನ್ನು ಹೇಳುವುದಕ್ಕೆ ನೀನು ಸಿಗದೆ ನನ್ನ ಹತ್ತಿರ ಬಂದಿದ್ದಳು, ನನ್ನ ಹಾಗೆಯೇ. ಅದಕ್ಕೇ ಅವಳ ಮಾತನ್ನೂ ನನ್ನ ಮಾತಿನ ಜೊತೆಗೇ ಬರೆದಿದ್ದೇನೆ.

ನಿನ್ನ ತಂಗಿ,
ನಾಗು